ಗಂಗವ್ವನ ಉಡಿಯ ಮೀನು

ಮೀನುಮರಿಗಳನ್ನು ಮೊರದಲ್ಲಿ ಇಡಬೇಡಿ ಎಂದು ನಾನು ಬಾಯಿಬಿಟ್ಟು ಹೇಳಿದ್ದೆ. ಮೈಕಿನ ಗದ್ದಲದಲ್ಲಿ ನನ್ನ ಮಾತು ಯಾರಿಗೂ ಬೇಕಿರಲಿಲ್ಲ. ಚಚಡಿಯಿಂದ ಒಳದಾರಿ ಹಿಡಿದರೆ ಸಿಗುವ ಒಂದು ಊರು ಅದು. ಆ ವರ್ಷ ಮಳೆ ಚೆನ್ನಾಗಿ ಆಗಿ ಊರಿನ ಕೆರೆ ಕೋಡಿ ಬಿದ್ದಿತ್ತು. ಶಾಮಿಯಾನ ಹಾಕಿದ್ದರು, ಶಿರಾ ಉಪ್ಪಿಟ್ಟು ಮಾಡಿಸಿದ್ದರು, ಮುಖ್ಯ ಅತಿಥಿಗಳು ಮಾತ್ರ ಇನ್ನೂ ಬಂದಿರಲಿಲ್ಲ. ನಾನು ಬಿಸಿಲಿಗೆ ಬಿದ್ದಿದ್ದ ಪ್ಲಾಸ್ಟಿಕ್ ಚೀಲಗಳ ಮೇಲೆ ಒದ್ದೆ ಗೋಣಿತಟ್ಟು ಹೊದಿಸುತ್ತ, ಒಳಗಿನ ಮರಿಗಳು ಇನ್ನೂ ಓಡಾಡುತ್ತಿವೆಯೇ ಎಂದು ಬಗ್ಗಿ ನೋಡುತ್ತ, ಹಲ್ಲು ಕಚ್ಚಿಕೊಂಡು ನಿಂತಿದ್ದೆ.

ನಾನು ಆ ಭಾಗದ ಮೀನುಗಾರಿಕೆ ಮೇಲ್ವಿಚಾರಕಿ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರ ಕುಟುಂಬಗಳಿಗೆ ಗುತ್ತಿಗೆ ಕೊಡಬೇಕು ಎಂಬುದು ಸರ್ಕಾರದ ನೀತಿ. ಈ ಕೆರೆ ಮನೋಳಿಯ ಒಬ್ಬ ಹೆಣ್ಣುಮಗಳಿಗೆ ಸಿಕ್ಕಿತ್ತು. ಅವಳ ಮನೆತನ ತಲೆಮಾರುಗಳಿಂದ ಮಲಪ್ರಭೆಯಲ್ಲಿ ಬಲೆ ಬೀಸಿ ಬದುಕಿದ್ದು. ಈಗ ಬೇಸಿಗೆಯಲ್ಲಿ ಹೊಳೆಯಲ್ಲಿ ಅಲ್ಲಲ್ಲಿ ಮಡು ನಿಲ್ಲುತ್ತದೆ, ಅಷ್ಟೇ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಹೊಳೆ ಬಿಟ್ಟು ಕೆರೆಗೆ ಬಂದಿದ್ದರು. ಚೀಲಗಳಲ್ಲಿದ್ದ ಕಾಟ್ಲಾ, ರೋಹು, ಗೆಂಡೆ ಮರಿಗಳೆಲ್ಲ ಅವಳು ದುಡ್ಡು ಕೊಟ್ಟು ತಂದವು. ಆ ದಿನದ ಆಮಂತ್ರಣ ಪತ್ರಿಕೆಯಲ್ಲಿ ಅವಳೊಬ್ಬಳ ಹೆಸರು ಬಿಟ್ಟು ಉಳಿದ ಎಲ್ಲರ ಹೆಸರೂ ಇತ್ತು.

ಮೀನುಮರಿ ಬಿಡುವುದನ್ನು ಜನಪ್ರತಿನಿಧಿಗಳ ಕೈಯಿಂದ ಸಾರ್ವಜನಿಕ ಕಾರ್ಯಕ್ರಮವಾಗಿ ಮಾಡಿಸಬೇಕು, ಫೋಟೊ ಕಳಿಸಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಇತ್ತ ಕೆರೆ ತುಂಬಿದ್ದಕ್ಕೆ ಊರಿನವರು ಗಂಗವ್ವನಿಗೆ ಉಡಿ ತುಂಬುವ ತಯಾರಿಯಲ್ಲಿದ್ದರು. ತವರಿಗೆ ಬಂದ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಕುಪ್ಪಸದ ಖಣ ಹಾಕಿ ಕಳಿಸುವಂತೆ ಕೆರೆಗೂ ಹಾಕುವುದು ಇಲ್ಲಿನ ಪದ್ಧತಿ. ಪಂಚಾಯ್ತಿಯಲ್ಲಿ ಯಾರಿಗೋ ಬುದ್ಧಿ ಓಡಿತು. ಎರಡೂ ಕಾರ್ಯಕ್ರಮ ಒಂದೇ ದಿನ ಇಟ್ಟರೆ ಒಂದೇ ಶಾಮಿಯಾನ, ಒಂದೇ ಮೈಕು, ಒಂದೇ ನಾಷ್ಟಾ.

ಮರಿ ಬಿಡುವುದಕ್ಕೆ ಒಂದು ಕ್ರಮ ಇದೆ. ಚೀಲದಲ್ಲಿ ಸ್ವಲ್ಪ ನೀರು, ಉಳಿದದ್ದು ಆಮ್ಲಜನಕ. ಆ ಚೀಲವನ್ನು ಬಿಚ್ಚದೆ ಕೆರೆಯ ನೀರಿನ ಮೇಲೆ ತೇಲಬಿಡಬೇಕು. ಒಳಗಿನ ನೀರಿನ ಬಿಸುಪು, ಹೊರಗಿನ ನೀರಿನ ಬಿಸುಪು ಒಂದಾಗುವ ತನಕ ಸುಮ್ಮನಿರಬೇಕು. ಆಮೇಲೆ ಬಾಯಿ ಬಿಚ್ಚಿ, ಕೆರೆಯ ನೀರನ್ನು ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟುಕೊಂಡು, ಮರಿಗಳು ತಾವಾಗಿ ಈಜಿ ಹೋಗುವಂತೆ ಮಾಡಬೇಕು. ಅತಿಥಿಗಳು ಬಂದವರೇ ಒಂದು ಚೀಲ ಒಡೆಸಿ, ಹೊಸ ಮೊರದಲ್ಲಿ ಹಸಿರು ಖಣ, ಬಳೆ, ಉತ್ತತ್ತಿಗಳ ಮೇಲೆ ಮರಿಗಳನ್ನು ಸುರಿಸಿದರು. ಐದು ಮಂದಿ ಮುತ್ತೈದೆಯರು ಮೊರ ಹಿಡಿದರು. ಫೋಟೊದವನು ಒಮ್ಮೆ ಇತ್ತ ನೋಡಿ ಎಂದ, ಒಮ್ಮೆ ಅತ್ತ ನೋಡಿ ಎಂದ. ಮರಿಗಳು ಖಣದ ಮೇಲೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಕೊನೆಗೆ ಮೊರ ನೀರಿಗಿಳಿಯಿತು, ಹೆಂಗಸರು ಹಾಡು ಹೇಳಿದರು, ಒಬ್ಬ ಅಜ್ಜಿ ಕೈ ಮುಗಿದು, "ಗಂಗವ್ವನ ಉಡಿ ತುಂಬಿತ್ರೆವ್ವಾ" ಎಂದಳು. ಚಪ್ಪಾಳೆ ಬಿತ್ತು.

ನಾನು ಅಷ್ಟರಲ್ಲಿ ಮೊಳಕಾಲುದ್ದ ನೀರಿನಲ್ಲಿ ಸೀರೆ ತೋಯಿಸಿಕೊಂಡು ಉಳಿದ ಚೀಲಗಳನ್ನು ನೀರಿಗೆ ಬಿಡಿಸುತ್ತಿದ್ದೆ. ಅವನ್ನಾದರೂ ಕ್ರಮದಂತೆ ಬಿಟ್ಟೆ. ಮೊರದ ಮರಿಗಳಲ್ಲಿ ಬಹಳಷ್ಟು ಹೊಟ್ಟೆ ಮೇಲಾಗಿ ತೇಲಿದವು. ಮನೋಳಿಯವಳು ಜನರ ಹಿಂದೆ ನಿಂತು ಎಲ್ಲ ನೋಡಿದ್ದಳು. ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. ನನ್ನನ್ನು ಅವಳು ಬಾಯಾರ ಎಂದೇ ಕರೆಯುತ್ತಿದ್ದುದು.

"ಬಾಯಾರ, ಅವನ್ನ ಉಡ್ಯಾಗ ಹಾಕಬಾರದಿತ್ತ್ರಿ."

"ಸತ್ತದ್ದು ಸ್ವಲ್ಪ ಐತಿ ಬಿಡು. ಉಳಿದವು ಚಲೋ ಅದಾವ," ಎಂದೆ. ನಾನು ಸತ್ತ ಮರಿಗಳ ಲೆಕ್ಕದಲ್ಲಿದ್ದೆ, ಅವಳ ಚಿಂತೆ ಬೇರೆ ಇತ್ತು.

ಚಳಿ ಶುರುವಾಗುವ ಹೊತ್ತಿಗೆ ಅದು ನನಗೆ ತಿಳಿಯಿತು. ಮೀನು ಎಷ್ಟು ಬೆಳೆದಿದೆ ಎಂದು ನೋಡಲು ನಡುನಡುವೆ ಬೀಸುಬಲೆ ಹಾಕಿ ನಾಲ್ಕು ಮೀನು ಹಿಡಿದು, ತೂಕ ನೋಡಿ, ವಾಪಸು ಬಿಡುತ್ತಾರೆ. ಅದಕ್ಕೆಂದು ಗಂಡ ಹೆಂಡತಿ ಬಂದು ಬಲೆ ಬಿಚ್ಚಿದ್ದಷ್ಟೇ, ಏರಿಯ ಮೇಲಿಂದ ಹುಡುಗರು ಓಡಿಬಂದು ಬಲೆ ಕಸಿದುಕೊಂಡರಂತೆ. ನನಗೆ ಫೋನು ಬಂತು. ಸ್ಕೂಟಿ ಹತ್ತಿ ಹೋದೆ. ಬಲೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಬಿದ್ದಿತ್ತು. ಕಟ್ಟೆಯ ಮೇಲೆ ಗೌಡರು ಕುಳಿತಿದ್ದರು. ಕೆರೆ ಸಮಿತಿಗೆ ಅವರೇ ಮುಖ್ಯಸ್ಥರು. ಊರಲ್ಲಿ ಅವರ ಮಾತು ಮೀರಿ ಯಾರೂ ನಡೆಯುವುದಿಲ್ಲ. ಬೈದು ಮಾತಾಡುವ ಮನುಷ್ಯ ಅಲ್ಲ, ನಗುನಗುತ್ತಲೇ ಮಾತಾಡುತ್ತಾರೆ.

"ಬರ್ರಿ ಮೇಡಂ, ಕುಂತ್ರಿ. ಚಾ ತರಸ್ಲಿ?"

"ಚಾ ಬ್ಯಾಡ್ರಿ. ಬಲಿ ಯಾಕ ಕಸಗೊಂಡ್ರಿ?"

"ಮೀನ ಇರಲಿ. ನಾವೇನ ಬ್ಯಾಡ ಅಂದೇವೇನ್ರಿ? ಇರಲಿ, ಬೆಳೀಲಿ. ಹಿಡ್ಯಾಕ ಮಾತ್ರ ಬಿಡೂದಿಲ್ಲ."

"ಹಿಡ್ಯಾಕಂತ ಬಿಟ್ಟದ್ದರಿ ಅವು. ಗುತ್ತಿಗಿ ಆಗೇತಿ. ನಿಮ್ಮ ಪಂಚಾಯ್ತಿ ಒಪ್ಪೇತಿ."

"ಒಪ್ಪೇತಿ. ಆಮ್ಯಾಲೆ ನೀವ ನಿಂತು ಗಂಗವ್ವನ ಉಡ್ಯಾಗ ಹಾಕಸಿದ್ರಿ. ಉಡ್ಯಾಗ ಹಾಕಿದ್ದನ್ನ ಯಾರರ ವಾಪಸ್ ತಗೋತಾರೇನ್ರಿ? ಮನಿಮಗಳಿಗೆ ಉಡಿ ತುಂಬಿ ಕಳಿಸಿ, ಮರುದಿನ ಹೋಗಿ ಕೊಬ್ರಿ ಕೊಡವಾ ಅಂತ ಕೇಳ್ತೀರೇನು ನೀವು?"

ಸುತ್ತ ನಿಂತವರು ಹೌದ್ಹೌದು ಎಂದರು. ಒಂದು ಮೊರದ ಮರಿಗಳನ್ನಷ್ಟೇ ಉಡಿಗೆ ಹಾಕಿದ್ದು, ಉಳಿದ ಚೀಲಗಳನ್ನು ನಾನು ಬೇರೆಯಾಗಿ ಬಿಟ್ಟಿದ್ದು ಎಂದೆ. ಕೆರೆಯೊಳಗೆ ಹೋದ ಮೇಲೆ ಯಾವ ಮೀನು ಉಡಿಯದು, ಯಾವುದು ಚೀಲದ್ದು ಎಂದು ನೀವೇ ಗುರುತು ಹಿಡಿದು ಕೊಡ್ರಿ ಎಂದರು ಗೌಡರು. ಅವರು ಆಮೇಲೆ ನನ್ನ ವಿಚಾರಕ್ಕೇ ಬಂದರು.

"ನಿಮ್ಮ ಊರು ಯಾವುದು ತಂಗಿ?"

"ಬೈಲಹೊಂಗಲ."

"ಯಾರ ಪೈಕಿ?" ಹೇಳಿದೆ. ಅವರ ಮುಖ ಇನ್ನಷ್ಟು ಅರಳಿತು. "ಮತ್ತ ನಮ್ಮಾಕಿನ ಆದೆಲ್ಲ! ಮನ್ಯಾಗ ಮೀನ ತಿಂತೀರೇನವಾ?"

"ಇಲ್ರಿ."

"ತಿನ್ನದಾಕಿಗೆ ಹಿಡಸೋ ಉಸಾಬರಿ ಯಾಕ?"

ಕಟ್ಟೆಯೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವುದಿಲ್ಲ. ನಾನು ಕೆಲಸದಿಂದ ಬಂದರೆ ನಮ್ಮವ್ವ ಹಿತ್ತಲಲ್ಲೇ ಸೀರೆ ಬಿಚ್ಚಿಸಿ, ತಲೆಗೆ ನೀರು ಹಾಕಿಸಿಯೇ ಅಡುಗೆಮನೆಗೆ ಬಿಡುವುದು. ಅದನ್ನೆಲ್ಲ ಈ ಕಟ್ಟೆಗೆ ಹೇಳುವ ದರ್ದು ನನಗಿರಲಿಲ್ಲ.

"ನಾ ತಿನ್ನೂದಿಲ್ರಿ ಗೌಡ್ರ. ಆಕಿ ಹಿಡೀತಾಳ, ಮಾರತಾಳ, ಮಕ್ಕಳನ್ನ ಸಾಕತಾಳ. ನನ್ನ ಹೊಟ್ಟಿ ನೋಡಿ ಆಕಿ ಹೊಟ್ಟಿ ಯಾಕ ಕಟ್ಟತೀರಿ?"

"ನಾವ ಯಾರ ಹೊಟ್ಟಿನೂ ಕಟ್ಟಿಲ್ಲ. ಬ್ಯಾರೆ ಕೆರಿ ಕೊಡ್ರಿ ಆಕಿಗೆ," ಎಂದು ಎದ್ದರು. ಬಲೆ ವಾಪಸು ಸಿಕ್ಕಿತು. ಅದನ್ನು ಎತ್ತಿಕೊಳ್ಳುವಾಗ ಮನೋಳಿಯವಳು ಯಾರ ಮುಖವನ್ನೂ ನೋಡಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಆ ಕೆರೆಯ ವೇಷವೇ ಬದಲಾಯಿತು. ಏರಿಯ ಮೇಲೆ ಗಂಗಾಮಾತೆಯ ಮೀನುಗಳನ್ನು ಹಿಡಿಯಬಾರದು ಎಂಬ ಹಲಗೆ ಬಂತು. ಅಮಾವಾಸ್ಯೆ ದಿನ ಸುತ್ತಿನ ಊರುಗಳಿಂದ ಜನ ಚುರುಮುರಿ ಪೊಟ್ಟಣ ಹಿಡಿದು ಬರತೊಡಗಿದರು. ಉಡಿ ತುಂಬಿದ ದಿನ ಕೈ ಮುಗಿದಿದ್ದ ಅಜ್ಜಿಯಂತೂ ದಿನಾ ಬೆಳಿಗ್ಗೆ ರೊಟ್ಟಿ ಮುರಿದು ತಂದು ಮೆಟ್ಟಿಲ ಮೇಲೆ ಕುಳಿತು ಹಾಕುತ್ತಿದ್ದಳು. ಅವಳಿಗೆ ಮೀನಿನ ಮೇಲಿದ್ದ ಅಕ್ಕರೆ ಸುಳ್ಳಲ್ಲ. ದೊಡ್ಡ ಕಾಟ್ಲಾಗಳು ಅವಳ ದನಿ ಕೇಳಿದರೆ ಮೆಟ್ಟಿಲ ಹತ್ತಿರ ಬರುತ್ತಿದ್ದವು. ನೋಡಲು ಚೆಂದವೇ ಇತ್ತು, ಚೆಂದ ನೋಡಿ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಜಿಲ್ಲೆಯ ಸಾಹೇಬರಿಗೆ ವರದಿ ಕೊಟ್ಟೆ. ಅವರು ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ, ಆ ತಾಳ್ಮೆಯಿಂದ ಯಾರಿಗೂ ಎಂದೂ ಉಪಯೋಗ ಆಗಿದ್ದಿಲ್ಲ.

"ಮರಿ ಬಿತ್ತನೆ ಆಗಿದೆಯಲ್ಲ ಮೇಡಂ? ಫೋಟೊ ಚೆನ್ನಾಗಿ ಬಂದಿತ್ತು. ಹಿಡಿಯೋದು ಗುತ್ತಿಗೆದಾರರ ತಲೆನೋವು."

"ಹಿಡಿಯಲು ಬಿಡುತ್ತಿಲ್ಲ ಸರ್. ಗುತ್ತಿಗೆ ಕೊಟ್ಟವರು ನಾವು."

"ಧಾರ್ಮಿಕ ಭಾವನೆ ಅಂತ ಬಂದಾಗ ನಾವು ನಿಧಾನ ಮಾಡಬೇಕು. ಸೌಹಾರ್ದವಾಗಿ ಬಗೆಹರಿಸಿ."

ನಮ್ಮ ಇಲಾಖೆಯಲ್ಲಿ ಎಷ್ಟು ಮರಿ ಬಿಟ್ಟಿರಿ ಎಂದು ವರ್ಷವಿಡೀ ಕೇಳುತ್ತಾರೆ. ಬಿಟ್ಟ ಮೀನು ಯಾರ ಬಲೆಗೆ ಬಿತ್ತು, ಬಿತ್ತೋ ಇಲ್ಲವೋ ಎಂದು ಕೇಳಿದ ಮೇಲಧಿಕಾರಿಯನ್ನು ನಾನು ಕಂಡಿಲ್ಲ. ತಹಸೀಲ್ದಾರ ಕಚೇರಿಗೆ ಹೋದೆ, ಪೊಲೀಸ್ ಠಾಣೆಗೂ ಹೋದೆ. ಎಲ್ಲ ಕಡೆ ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ಶಾಂತಿಯಿಂದ ಹೋಗ್ರಿ ಎಂದು ಉಪದೇಶ ಕೊಟ್ಟು ಕಳಿಸಿದರು.

ಬಿಸಿಲು ಏರಿದಂತೆ ನೀರು ಇಳಿಯತೊಡಗಿತು. ಕೆರೆ ಇಳಿಯುವುದು ಹೊಸದಲ್ಲ. ಮೀನಿನವರು ಅದನ್ನೇ ಕಾಯುತ್ತಾರೆ. ನೀರು ಕಡಿಮೆಯಾಗಿ ಮೀನು ಒಂದು ಕಡೆ ಸೇರಿದಾಗ ಎಳೆಬಲೆ ಬಿಟ್ಟು ಹಿಡಿಯುತ್ತಾರೆ. ಆದರೆ ಈ ನೀರು ಬಿಸಿಲಿಗೆ ಆರುವುದಕ್ಕಿಂತ ಬೇಗ ಇಳಿಯುತ್ತಿತ್ತು. ಒಂದು ದಿನ ಏರಿ ಬಿಟ್ಟು ಕೆರೆಯ ಹಿಂಬದಿಗೆ ನಡೆದುಹೋದೆ. ಜಾಲಿಕಂಟಿಯ ಮರೆಯಲ್ಲಿ ಸಾಲಾಗಿ ಪೈಪುಗಳು ನೀರಿಗೆ ಬಾಯಿಟ್ಟಿದ್ದವು, ಮೋಟಾರುಗಳು ಓಡುತ್ತಿದ್ದವು. ಆಚೆಗೆ ಹಸಿರು ಕಬ್ಬು. ಎಲ್ಲಕ್ಕಿಂತ ದಪ್ಪ ಪೈಪು ಗೌಡರ ಹೊಲಕ್ಕೆ ಹೋಗಿತ್ತು.

ನೆಟ್ಟಗೆ ಅವರ ಹೊಲಕ್ಕೇ ಹೋದೆ. "ಗಂಗವ್ವನ ಮೀನ ಮುಟ್ಟಬಾರದು. ಗಂಗವ್ವನ ನೀರ ಎಳೀಬಹುದೇನ್ರಿ?" ಎಂದು ಕೇಳಿದೆ.

"ನೀರ ಕೊಡಾಕಂತನ ಇರಾಕಿ ಗಂಗವ್ವ. ಕಬ್ಬ ಒಣಗಸು ಅಂತಾಳೇನ ಆಕಿ?"

"ನೀರ ಹೋದ್ರ ಮೀನ ಸಾಯತಾವು."

"ಆಕಿ ಮೀನ, ಆಕಿ ಕಾಯತಾಳ. ನೀವು ಯಾಕ ಇಷ್ಟ ತ್ರಾಸ ಮಾಡ್ಕೋತೀರಿ?"

ಅವರ ಮುಖದಲ್ಲಿ ಆಗಲೂ ನಗು. ಈ ನಗುವನ್ನು ನಾನು ದ್ವೇಷಿಸಿದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ವಾರಕ್ಕೆ ಎರಡು ಮೂರು ಸಲ ಸೂರ್ಯ ಹುಟ್ಟುವ ಮೊದಲೇ ಕೆರೆಗೆ ಹೋಗತೊಡಗಿದೆ. ನೀರಿನಲ್ಲಿ ಉಸಿರು ಅತಿ ಕಡಿಮೆ ಇರುವುದು ಆ ಹೊತ್ತಿಗೆ. ಹಗಲು ಪಾಚಿ ಬಿಸಿಲಿಗೆ ಆಮ್ಲಜನಕ ಬಿಡುತ್ತದೆ, ಕತ್ತಲಾದ ಮೇಲೆ ಅದೂ ಮೀನಿನಂತೆ ಆಮ್ಲಜನಕ ಎಳೆದುಕೊಳ್ಳುತ್ತದೆ. ಗಾಜಿನ ಶೀಸೆಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಎರಡು ಬಗೆಯ ದ್ರಾವಣವನ್ನು ಹನಿಸಿ ಮುಚ್ಚಳ ಹಾಕಿ ಅಲುಗಾಡಿಸಬೇಕು. ತಳಕ್ಕೆ ಒಂದು ಗಸಿ ಇಳಿಯುತ್ತದೆ. ಅದು ಕಂದು ಬಣ್ಣದ್ದಾಗಿದ್ದರೆ ನೀರಿನಲ್ಲಿ ಉಸಿರಿದೆ. ಬಿಳಿಯಾದರೆ ಇಲ್ಲ. ಮೊದಲ ಸಲ ನೋಡಿದಾಗ ಅದು ಚಹಾದ ಬಣ್ಣ ಇತ್ತು. ಹೋಗ ಹೋಗುತ್ತ ಹಾಲು ಹೆಚ್ಚಾದ ಚಹಾದಂತೆ ತಿಳಿಬಣ್ಣಕ್ಕೆ ತಿರುಗಿತು.

ಅಂಥ ಒಂದು ಬೆಳಿಗ್ಗೆ ಕೆರೆಯ ತುಂಬ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಅಜ್ಜಿ ರೊಟ್ಟಿ ತಂದಿದ್ದಳು. ಖುಷಿಯಿಂದ ನನ್ನನ್ನು ಕರೆದಳು.

"ನೋಡ ಬಾ ಯವ್ವಾ, ನಾ ಬರೂದ ತಡ ಆತಂತ ಎಲ್ಲಾವೂ ಮ್ಯಾಲೆ ಬಂದು ರೊಟ್ಟಿ ಕೇಳಾಕ್ಹತ್ತ್ಯಾವು!"

"ರೊಟ್ಟಿ ಅಲ್ಲಜ್ಜಿ, ಉಸಿರು ಸಿಗದ ಬಾಯಿ ಬಿಡಾಕ್ಹತ್ತ್ಯಾವು. ರೊಟ್ಟಿ ಹಾಕಬ್ಯಾಡ. ತಿನ್ನದ ಉಳದದ್ದು ಕೊಳತು ಇದ್ದ ಉಸಿರನೂ ತಿಂತೈತಿ. ಈ ಶೀಸೆ ನೋಡ."

ಅವಳು ಶೀಸೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಇದ್ದ ಖುಷಿ ಇಳಿದುಹೋಯಿತು.

"ನಿನಗ ಹಿಡಸೂದೈತಿ. ಅದಕ ಇಂಥಾವೆಲ್ಲಾ ಹೇಳತಿ," ಎಂದವಳೇ ಬುಟ್ಟಿಯಲ್ಲಿದ್ದ ರೊಟ್ಟಿಯನ್ನೆಲ್ಲ ಒಮ್ಮೆಲೇ ನೀರಿಗೆ ಸುರಿದಳು.

ಮರುದಿನವೇ ಪಂಚಾಯ್ತಿಯಲ್ಲಿ ಸಭೆ ಕರೆಸಿದೆ. ಮನೋಳಿಯವಳನ್ನೂ ಬರಹೇಳಿದೆ. ಗೌಡರು, ಸಮಿತಿಯವರು, ಕಬ್ಬಿನವರು, ಬಾಗಿಲಲ್ಲಿ ನಿಂತ ಊರಿನ ಮಂದಿ. ನಾನು ಶೀಸೆಗಳನ್ನು ಮೇಜಿನ ಮೇಲೆ ಇಟ್ಟು ಎಲ್ಲ ಬಿಡಿಸಿ ಹೇಳಿದೆ. ಮೋಡ ಕವಿದು ಗಾಳಿ ನಿಂತ ದಿನ ಈ ಮೀನು ಒಂದೂ ಉಳಿಯುವುದಿಲ್ಲ. ಮೋಟಾರು ನಿಲ್ಲಿಸಿ, ಇಲ್ಲವೇ ಬಲೆ ಬಿಡಲು ಬಿಡಿ. ಎರಡೂ ಆಗುವುದಿಲ್ಲ ಎಂದರೆ ನಿಮ್ಮ ದನ ಕುಡಿಯುವ ನೀರೂ ಹೋಗುತ್ತದೆ ಎಂದೆ. ಆಗ ಮನೋಳಿಯವಳು ಎದ್ದು ನಿಂತಳು.

"ಅರ್ಧ ಬಿಡ್ತೇನ್ರಿ. ದೊಡ್ಡೂ ಅಷ್ಟ ಹಿಡಕೊಂಡು, ಉಳದದ್ದು ಇಲ್ಲೇ ಬಿಡ್ತೇನಿ. ನೀರಿಗೆ ಭಾರ ಕಡಿಮಿ ಆದ್ರ ಉಳದಾವರ ಬದಕತಾವು."

"ಗಂಗವ್ವಗ ಪಾಲ ಕೊಡಾಕಿ ನೀ ಯಾರವಾ?" ಎಂದರು ಗೌಡರು.

ಅವಳು ತಡಮಾಡದೆ ಹೇಳಿದಳು. "ಗಂಗವ್ವ ನಮ್ಮವ್ವರಿ. ನಮ್ಮ ಮಂದಿ ಆಕಿ ಹೊಟ್ಟ್ಯಾಗ ಹುಟ್ಟಿದವರು ಅಂತ ಹಿರೇರು ಹೇಳ್ಕೋತ ಬಂದಾರ. ತಾಯಿ ಉಡ್ಯಾಗಿಂದು ಮಕ್ಕಳು ತಗೊಂಡ್ರ ತಪ್ಪೇನ್ರಿ?"

ಗೌಡರ ನಗು ಮೊದಲ ಸಲ ನಿಂತಿತು. ಇನ್ನೇನು ಒಪ್ಪುತ್ತಾರೆ ಎಂದುಕೊಳ್ಳುವಷ್ಟರಲ್ಲಿ ಬಾಗಿಲ ಕಡೆಯಿಂದ ಯಾರೋ ಕೂಗಿದರು.

"ಅದು ನಿಮ್ಮ ಹೊಳಿ ಗಂಗವ್ವ. ನಮ್ಮ ಕೆರಿ ಗಂಗವ್ವ ಬ್ಯಾರೆ!"

ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಗೌಡರಿಗೆ ಉಸಿರು ಬಂತು. "ಕೇಳಿದೇನವಾ? ನಿಮ್ಮಾಕಿ ನಿಮಗ, ನಮ್ಮಾಕಿ ನಮಗ," ಎಂದರು. ಅವಳು ಕೈಚೀಲ ಎತ್ತಿಕೊಂಡು ಹೊರಗೆ ನಡೆದಳು. ಬಾಗಿಲಲ್ಲಿ ನಿಂತವರು ದಾರಿ ಬಿಡಲಿಲ್ಲ, ಅವಳೇ ಮೈ ಹಿಡಿಮಾಡಿಕೊಂಡು ನುಸುಳಿ ಹೋಗಬೇಕಾಯಿತು. ನನ್ನ ನೌಕರಿಯಲ್ಲಿ ನನಗೆ ಯಾರ್‍ಯಾರೋ ಏನೇನೋ ಅಂದಿದ್ದಾರೆ, ಅವು ಯಾವುವೂ ನನಗೆ ಇಷ್ಟು ತಾಗಿಲ್ಲ.

ಹಟಕ್ಕೆ ಬಿದ್ದು ವಿದ್ಯುತ್ ಕಚೇರಿಗೆ ಹೋದೆ. ಕೆರೆಗೆ ಹಾಕಿದ ಮೋಟಾರುಗಳಿಗೆ ಪರವಾನಗಿ ಇಲ್ಲ, ಲೈನು ಕಡಿಯಿರಿ ಎಂದು ಬರೆದು ಕೊಟ್ಟೆ. ನಾಳೆಯೇ ಬರುತ್ತೇವೆ ಎಂದರು. ಬಂದರು ಕೂಡ. ಅವರು ಬರುವುದು ಊರಿಗೆ ಮೊದಲೇ ಗೊತ್ತಿತ್ತು. ಪೈಪಿಲ್ಲ, ಮೋಟಾರಿಲ್ಲ, ಜಾಲಿಕಂಟಿಯಲ್ಲಿ ಕೊಕ್ಕರೆ ನಿಂತಿತ್ತು. ಲೈನಿನವರು ನನ್ನ ಮುಖ ನೋಡಿ ನಕ್ಕು ಹೋದರು. ಏರಿಗೆ ಬಂದು ನೋಡಿದರೆ ನನ್ನ ಸ್ಕೂಟಿಯ ಎರಡೂ ಗಾಲಿಗಳ ಗಾಳಿ ತೆಗೆದಿದ್ದರು. ಬಿಸಿಲಿನಲ್ಲಿ ಅದನ್ನು ತಳ್ಳಿಕೊಂಡು ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಹಿಂದಿನಿಂದ ಮೋಟಾರುಗಳ ಸದ್ದು ಮತ್ತೆ ಕೇಳತೊಡಗಿತ್ತು.

ಉಳಿದದ್ದು ಪೊಲೀಸು. ಕಾಡಿ ಬೇಡಿ ಬಂದೋಬಸ್ತು ಪಡೆದು ಬಲೆ ಬಿಡಿಸಬಹುದು ಎಂದು ಮನೋಳಿಗೆ ಹೋಗಿ ಅವಳಿಗೇ ಹೇಳಿದೆ. ಗಂಡ ಅಂಗಳದಲ್ಲಿ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ. ಅವನು ಮಾತಾಡುವುದೇ ಕಡಿಮೆ, ಹೆಂಡತಿಯ ಮುಖ ನೋಡಿದ.

"ಬ್ಯಾಡ್ರಿ ಬಾಯಾರ," ಎಂದಳು ಅವಳು. "ನೀವು ನಾಳೆ ಬ್ಯಾರೆ ಊರಿಗೆ ವರ್ಗ ಆಗಿ ಹೊಕ್ಕೀರಿ. ನಾವು ಆ ಊರಾಗಿಂದನ ಸಂತಿಗೆ ಹೋಗಬೇಕು. ಲಾಠಿ ಹಿಡದು ಒಂದ ಸಲ ಬಲಿ ಎಳದ್ರ, ಇನ್ನ ಯಾವ ಕೆರ್‍ಯಾಗೂ ನಮಗ ಕಾಲಿಡಾಕ ಬಿಡೂದಿಲ್ಲ."

ಅವಳ ಮಾತು ಖರೆ ಇತ್ತು. ನಾನು ಅವರ ಮನೆಯ ಕಟ್ಟೆಯ ಮೇಲೆ ಕುಳಿತೆ. ಅವಳು ನನಗೆ ಸಕ್ಕರೆ ನೀರು ಕೊಟ್ಟಳು. ಮೇಲೆ ಮೋಡ ಕೂಡುತ್ತಿತ್ತು.

ಮೋಡ ಕವಿಯಿತು, ಮಳೆ ಬರಲಿಲ್ಲ. ಎಲೆಯೊಂದೂ ಅಲುಗಾಡದ ಧಗೆ. ಬಿಸಿಲು ಬೀಳದೆ ಪಾಚಿ ಸೊರಗಿತು. ಎರಡನೆಯ ಬೆಳಿಗ್ಗೆ ಪಂಚಾಯ್ತಿ ಅಧಿಕಾರಿಯ ಫೋನು ಬಂತು. "ಮೇಡಂ, ಲಗೂನ ಬರ್ರಿ. ಎಲ್ಲಾ ಹೋಗ್ಯಾವು," ಎಂದರು.

ಏರಿ ಹತ್ತುವ ಮೊದಲೇ ನಾತ ಬಂತು. ಹತ್ತಿ ನೋಡಿದರೆ ಕೆರೆ ಬೆಳ್ಳಗಿತ್ತು. ದಂಡೆಯುದ್ದಕ್ಕೂ, ನಡುನೀರಿನಲ್ಲೂ, ಕಾಟ್ಲಾ, ರೋಹು, ಗೆಂಡೆ ಎಲ್ಲ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಒಳ್ಳೆಯ ಬೆಳೆದ ಮೀನುಗಳು, ತೂಗಿದರೆ ಒಂದೊಂದೂ ಒಂದು ಕಿಲೋಗಿಂತ ಕಡಿಮೆ ಇರಲಾರದು. ಮನೋಳಿಯವಳ ವರ್ಷದ ದುಡಿಮೆಯಿಡೀ ಅಲ್ಲಿ ತೇಲುತ್ತಿತ್ತು. ಅಭ್ಯಾಸಬಲದಿಂದ ಶೀಸೆ ತುಂಬಿ ದ್ರಾವಣ ಹನಿಸಿದೆ. ಗಸಿ ಸುಣ್ಣದಂತೆ ಬಿಳಿಯಾಗಿ ಇಳಿಯಿತು. ಶೀಸೆಯನ್ನು ಎತ್ತಿ ಯಾರಿಗೆ ತೋರಿಸಲಿ? ನಾನು ಅಲ್ಲೇ ಅತ್ತೆ. ಸಿಟ್ಟಿಗೆ ಅತ್ತೆ.

ಊರಿಗೆ ಊರೇ ಏರಿಯ ಮೇಲೆ ಸೆರಗು, ಟವೆಲ್ಲು ಮೂಗಿಗೆ ಹಿಡಿದು ನಿಂತಿತ್ತು. ನೀರಿಗೆ ಬಂದ ಎಮ್ಮೆಗಳು ಮೂಸಿ ಹಿಂದೆ ಸರಿಯುತ್ತಿದ್ದವು. ಅಜ್ಜಿ ಮೆಟ್ಟಿಲ ಮೇಲೆ ಬರಿಗೈಯಲ್ಲಿ ಕುಳಿತಿದ್ದಳು. ಗೌಡರು ನನ್ನ ಹತ್ತಿರ ಬಂದರು.

"ಮೊದಲ ಇವನ್ನ ತಗಸ್ರಿ ಮೇಡಂ."

"ಯಾರ ತಗೀಬೇಕ್ರಿ?"

"ಯಾರ ಅಂದ್ರ? ಗುತ್ತಿಗಿ ಯಾರದ ಐತಿ ಅವರು. ಸತ್ತ ಮೀನ ಗುತ್ತಿಗಿದಾರ ತಗೀಬೇಕಂತ ಕರಾರಿನಾಗ ಐತಿ. ಓದಸೇನಿ ನಾ."

ಕರಾರಿನಲ್ಲಿ ಇದ್ದದ್ದು ಹೌದು. ಕೆರೆಯ ನೀರು ಕೆಡದಂತೆ ನೋಡಿಕೊಳ್ಳುವುದು ಗುತ್ತಿಗೆದಾರರ ಹೊಣೆ ಎಂದು ನಮ್ಮವರೇ ಬರೆದದ್ದು. ಜೀವ ಇದ್ದಾಗ ಗಂಗವ್ವನ ಮೀನು, ನಾತ ಬಂದ ಮೇಲೆ ಮನೋಳಿಯವಳದು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರ ಫೋನು. ಆಗಲೇ ಯಾರೋ ಅವರಿಗೆ ವೀಡಿಯೊ ಕಳಿಸಿದ್ದರು.

"ಗುತ್ತಿಗೆದಾರಳಿಗೆ ಇವತ್ತೇ ನೋಟಿಸ್ ಕೊಡಿ ಮೇಡಂ. ಸಂಜೆಯೊಳಗೆ ಕೆರೆ ಸ್ವಚ್ಛ ಆಗಬೇಕು. ಟಿವಿಯವರು ಬಂದರೆ ಕಷ್ಟ."

ಇಷ್ಟು ದಿನ ಸೌಹಾರ್ದ ಎಂದ ಬಾಯಿ ಅದು. "ನಾನು ಕೊಡುವುದಿಲ್ಲ ಸರ್," ಎಂದೆ.

"ಏನಂದ್ರಿ?"

"ಹಿಡಿಯಲು ಬಿಡದವರು ತೆಗೆಯಲಿ. ನೋಟಿಸಿಗೆ ನಾನು ಸಹಿ ಹಾಕುವುದಿಲ್ಲ. ನೀವೇ ಬಂದು ಹಾಕಿರಿ." ಫೋನು ಕಟ್ಟು ಮಾಡಿದೆ. ಇದರಿಂದ ಮುಂದೆ ನನಗೆ ರಾಮದುರ್ಗಕ್ಕೆ ವರ್ಗವಾಯಿತು, ಅದಕ್ಕೆ ನನಗೆ ಬೇಸರವಿಲ್ಲ.

ಆದರೆ ಪಂಚಾಯ್ತಿಯವರು ನನ್ನನ್ನು ಕೇಳುವ ಮೊದಲೇ ಅವಳಿಗೆ ಫೋನು ಮಾಡಿ ಕರೆಸಿಬಿಟ್ಟಿದ್ದರು. ಹೊತ್ತು ಏರುವಷ್ಟರಲ್ಲಿ ಗೂಡ್ಸ್ ಆಟೊ ಒಂದು ಬಂತು. ಹಿಂದೆ ಹರಿಗೋಲು, ಎಳೆಬಲೆಯ ರಾಶಿ, ಗಂಡ. ಮುಂದೆ ಅವಳು. ಅವತ್ತು ಊರು ಅವಳಿಗೆ ದಾರಿ ಬಿಟ್ಟಿತು. ಅಡ್ಡ ನಿಲ್ಲಿಸಿದ್ದ ಬೈಕುಗಳನ್ನು ತಾವಾಗಿ ಸರಿಸಿದರು. ಹಿಂದೆ ಬೀಸುಬಲೆ ಕಸಿದುಕೊಂಡಿದ್ದ ಹುಡುಗರೇ ಮುಂದೆ ಬಂದು, "ಕೊಡ್ರೆಕ್ಕಾ, ಇಳಸ್ತೇವಿ" ಎಂದು ಬಲೆಗೆ ಕೈ ಹಾಕಿದರು.

ಅವಳು ಕೈಯಿಂದಲೇ ತಡೆದಳು. ಏರಿಯ ಅಂಚಿಗೆ ಬಂದು ನಿಂತಳು. ಮೊದಲು ದಂಡೆಯನ್ನು, ಆಮೇಲೆ ದೂರದ ನೀರನ್ನು ನೋಡಿದಳು. ಎಷ್ಟು ಮೀನು, ಎಂಥ ಮೀನು ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಗಂಡ ಆಟೊದಿಂದ ಇಳಿಯಲೇ ಇಲ್ಲ, ತಲೆ ತಗ್ಗಿಸಿ ಬಲೆಯ ಮೇಲೆ ಕುಳಿತಿದ್ದ.

"ಲಗೂನ ಇಳೀರವಾ," ಎಂದರು ಗೌಡರು. "ಊರ ತುಂಬ ನಾತ ಹೊಡ್ಯಾಕ್ಹತ್ತೈತಿ. ದನಕ್ಕ ನೀರಿಲ್ಲ."

ಅವಳು ಅಲುಗಾಡಲಿಲ್ಲ. ಗೌಡರು ನನ್ನ ಕಡೆ ತಿರುಗಿದರು. "ಮೇಡಂ, ನೀವರ ಹೇಳ್ರಿ ಆಕಿಗೆ."

"ನಾ ಹೇಳೂದಿಲ್ರಿ," ಎಂದೆ.

ಮನೋಳಿಯವಳು ಸೆರಗು ಸರಿಮಾಡಿಕೊಂಡು ಗೌಡರ ಕಡೆ ತಿರುಗಿದಳು. ದನಿ ಎತ್ತರಿಸಲಿಲ್ಲ. ಅದೇ ಮರ್ಯಾದೆಯ ದನಿ.

"ನಾವು ಹೊಳಿ ಗಂಗವ್ವನ ಮಂದಿರಿ ಗೌಡ್ರ. ನಿಮ್ಮ ಕೆರಿ ಗಂಗವ್ವನ ಉಡ್ಯಾಗ ನಾ ಹೆಂಗ ಕೈ ಹಾಕಲಿ?"

ಯಾರೂ ನಗಲಿಲ್ಲ. ಅವಳು ಆಟೊ ಹತ್ತಿದಳು. ಆಟೊ ತಿರುಗಿತು. ಬಲೆ ಬಿಚ್ಚದೆ, ಹರಿಗೋಲು ಇಳಿಸದೆ ಅದು ಬಂದ ದಾರಿ ಹಿಡಿಯಿತು. ಅವಳು ತಿರುಗಿ ನೋಡಲಿಲ್ಲ. ಮುಂದಿನ ವರ್ಷ ಮರಿ ತರಲು ಅವಳ ಕೈಯಲ್ಲಿ ಏನೂ ಉಳಿದಿಲ್ಲ ಎಂಬುದು ಅಲ್ಲಿ ಗೊತ್ತಿದ್ದದ್ದು ನನಗೂ ಅವಳ ಗಂಡನಿಗೂ ಅಷ್ಟೇ.

ಊರು ನಿಂತೇ ಇತ್ತು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಯಾರೋ ಟ್ರ್ಯಾಕ್ಟರ್ ತರಿಸೋಣ ಎಂದರು. ಟ್ರ್ಯಾಕ್ಟರಿಗೆ ಹೇರುವವರು ಯಾರು ಎಂದು ಇನ್ನೊಬ್ಬರು ಕೇಳಿದರು. ಆಳು ಕರೆಯಿರಿ ಎಂದರು, ಆಳುಗಳೂ ಅದೇ ಊರಿನವರು, ಅವರೂ ಹಿಂದೆ ಸರಿದರು. ಮೂಗಿಗೆ ಹಿಡಿದ ಬಟ್ಟೆಗಳೊಳಗೆ ಗುಸುಗುಸು ನಡೆದಿತ್ತು. ಎಮ್ಮೆಯೊಂದು ಬಾಯಾರಿ ಒದರುತ್ತಲೇ ಇತ್ತು. ಕೊನೆಗೆ ಗೌಡರು ಚಪ್ಪಲಿ ಬಿಟ್ಟು, ಧೋತರದ ಕಚ್ಚೆ ಎತ್ತಿ ಕಟ್ಟಿ, ತಾವೇ ಮೆಟ್ಟಿಲಿಳಿದರು. ನೀರು ಪಾದಕ್ಕೆ ತಾಗುವಲ್ಲಿ ನಿಂತರು. ಕಾಲ ಹತ್ತಿರವೇ ಒಂದು ದೊಡ್ಡ ಕಾಟ್ಲಾ ತೇಲುತ್ತಿತ್ತು. ಬಗ್ಗಿದರು, ಕೈ ಚಾಚಿದರು, ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಆ ಮುಖದಲ್ಲಿ ನಗು ಇರಲಿಲ್ಲ.

"ಮೇಡಂ, ಇದನ್ನ ಹೆಂಗ ಹಿಡೀಬೇಕ್ರಿ?"

ನನ್ನ ಬಾಯಿಗೆ ಬಂದ ಮಾತು ಬಹಳ ಇದ್ದವು. ಎಲ್ಲ ನುಂಗಿಕೊಂಡೆ.

"ಬಾಲ ಹಿಡೀಬ್ಯಾಡ್ರಿ, ಕೈಯಾಗ ಹರದ ಬರತೈತಿ. ಹೊಟ್ಟಿ ಕೆಳಗ ಎರಡೂ ಕೈ ಕೊಟ್ಟು ಎತ್ತರಿ," ಎಂದೆ.

ಗೌಡರು ಬಗ್ಗಿ ಎರಡೂ ಕೈ ನೀರಿಗಿಟ್ಟರು.